ಧಕ್ಕೆ, ಕೆರಳಿಕೆ, ಮುಟ್ಟುಗೋಲು: ‘ಧರ್ಮಕಾರಣ’ ತೀರ್ಪಿನ ಮೇಲೊಂದು ಟಿಪ್ಪಣಿ

‘ಸುಪ್ರೀಂ ಕೋರ್ಟ್ ಕೇಸಸ್’ ಎಂಬ ವರದಿಮಾಲೆಯ 2007ರ ಐದನೇ ಸಂಪುಟವನ್ನು ಬಿಚ್ಚಿದರೆ ಮೊದಲ ಪುಟದಲ್ಲೇ ಮಂಜರ್ ಸಯೀದ್ ಖಾನ್ ಮತ್ತು ಮಹಾರಾಷ್ಟ್ರ ರಾಜ್ಯದ ನಡುವಿನ ಪ್ರಕರಣ ಸಿಗುತ್ತದೆ. ಅದು ಮುಗಿಯುತ್ತಲೇ 11ನೇ ಪುಟದಿಂದ ಬರಗೂರು ರಾಮಚಂದ್ರಪ್ಪ ಮತ್ತು ಕರ್ನಾಟಕ ರಾಜ್ಯದ ಪ್ರಕರಣ. ಮೊದಲನೆಯದರ ತಾರೀಖು ಏಪ್ರಿಲ್ 5, ಎರಡನೆಯದರದು ಮೇ 2. ಒಂದೇ ನ್ಯಾಯಾಲಯ, ತಿಂಗಳೊಪ್ಪತ್ತಿನ ಒಳಗೆ ಎರಡು ತೀರ್ಪು. ಒಂದರಲ್ಲಿ ಪ್ರಕಾಶಕ ಗೆದ್ದ, ಇನ್ನೊಂದರಲ್ಲಿ ಪುಸ್ತಕ ಸೋತಿತು. ಸಂಪುಟದ ಸಂಪಾದಕರು ಬೇಕೆಂದೇ ಇವನ್ನು ಅಕ್ಕಪಕ್ಕ ಇಟ್ಟರೋ, ತಾರೀಖಿನ ಸಾಲಿನಲ್ಲಿ ಹಾಗೆ ಬಂದವೋ, ಓದುವವನಿಗಂತೂ ಇದೊಂದು ಉಪಕಾರ. ಧರ್ಮವನ್ನೋ ಸರ್ಕಾರವನ್ನೋ ಟೀಕಿಸುವವನಿಗೆ ನಮ್ಮ ಕಾನೂನು ಎಲ್ಲಿ ಗೆರೆ ಎಳೆದಿದೆ ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಅಪರಾಧದ ವ್ಯಾಖ್ಯೆಯನ್ನು ಹುಡುಕುತ್ತೇವೆ. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದಾಗ ನನಗೆ ಅನಿಸಿದ್ದು ಬೇರೆ. ಗೆರೆ ಇರುವುದು ವ್ಯಾಖ್ಯೆಯಲ್ಲಿ ಅಷ್ಟಾಗಿ ಅಲ್ಲ, ಯಾರು ಯಾರಿಗೆ ಏನನ್ನು ರುಜುವಾತು ಮಾಡಬೇಕು ಎಂಬುದರಲ್ಲಿ.

ಮೊದಲ ಪ್ರಕರಣದ ಮೂಲ ಜೇಮ್ಸ್ ಲೇನ್ ಎಂಬ ಅಮೆರಿಕನ್ ವಿದ್ವಾಂಸರು ಶಿವಾಜಿಯ ಕುರಿತು ಬರೆದ ಪುಸ್ತಕ. 2003ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಹೊರತಂದಿತು. ಶಿವಾಜಿಯ ಜನನದ ಬಗ್ಗೆ ಜನರ ಬಾಯಲ್ಲಿದ್ದ ಒಂದು ಕುಚೋದ್ಯವನ್ನು ಅದರಲ್ಲಿ ದಾಖಲಿಸಲಾಗಿತ್ತು. 2004ರ ಜನವರಿ 5ರಂದು ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆಗೆ ಗುಂಪೊಂದು ನುಗ್ಗಿ ದಾಂಧಲೆ ಮಾಡಿತು. ಲೇಖಕರು ಅಲ್ಲಿ ಕೂತು ಅಭ್ಯಾಸ ಮಾಡಿದ್ದರೆಂಬುದೇ ಆ ಸಂಸ್ಥೆಯ ತಪ್ಪು. ಕೆಲವೇ ದಿನಗಳಲ್ಲಿ ಲೇಖಕ, ಪ್ರಕಾಶಕರ ಮೇಲೆ ದಂಡ ಸಂಹಿತೆಯ 153ಎ ಕಲಮಿನಡಿ, ಅಂದರೆ ಸಮುದಾಯಗಳ ನಡುವೆ ದ್ವೇಷ ಬಿತ್ತಿದ ಆರೋಪದ ಮೇಲೆ, ಎಫ್‌ಐಆರ್ ದಾಖಲಾಯಿತು. ಸುಪ್ರೀಂ ಕೋರ್ಟ್ ಪ್ರಕಾಶಕರ ಮೇಲಿನ ಮೊಕದ್ದಮೆಯನ್ನು ರದ್ದು ಮಾಡಿತು. ದ್ವೇಷ ಹುಟ್ಟಿಸುವ ಉದ್ದೇಶವೇ ಈ ಅಪರಾಧದ ಜೀವ, ಅದನ್ನು ತೋರಿಸಬೇಕಾದ್ದು ಸರ್ಕಾರ, ಅಲ್ಲೊಂದು ಇಲ್ಲೊಂದು ವಾಕ್ಯ ಹೆಕ್ಕಿ ತೋರಿಸಿದರೆ ಸಾಲದು ಎಂಬುದು ತೀರ್ಪಿನ ತಿರುಳು. ಪುಸ್ತಕವನ್ನು ವಿದ್ವತ್ತಿನ ಹುಡುಕಾಟವೆಂದೇ ನ್ಯಾಯಾಲಯ ಕಂಡಿತು.

ಎರಡನೆಯದು ನಮ್ಮದೇ ಮನೆಯ ಕಥೆ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿ 1995ರಲ್ಲಿ ಪ್ರಕಟವಾಯಿತು, ಮೆಚ್ಚುಗೆಯನ್ನೂ ಪ್ರಶಸ್ತಿಯನ್ನೂ ಪಡೆಯಿತು. ಬಸವಣ್ಣನವರ ಕಾಲವೇ ಅದರ ವಸ್ತು. ಆಮೇಲೆ ಅದರ ಹನ್ನೆರಡನೇ ಅಧ್ಯಾಯದಲ್ಲಿ ಅಕ್ಕನಾಗಮ್ಮ ಮತ್ತು ಆಕೆಯ ಮಗ ಚನ್ನಬಸವಣ್ಣನ ಜನನದ ಬಗ್ಗೆ ಬಂದ ಚಿತ್ರಣಕ್ಕೆ ವಿರೋಧ ಎದ್ದಿತು. 1997ರ ಏಪ್ರಿಲ್ 28ರಂದು ರಾಜ್ಯ ಸರ್ಕಾರ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನ ಪ್ರಕಾರ ಅಧಿಸೂಚನೆ ಹೊರಡಿಸಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ಮತ್ತಿತರರು ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ಸುಪ್ರೀಂ ಕೋರ್ಟಿಗೆ ಹೋದರು, ಅಲ್ಲೂ ಸೋತರು. ನ್ಯಾಯಮೂರ್ತಿ ಹರ್ಜಿತ್ ಸಿಂಗ್ ಬೇಡಿ ಬರೆದ ತೀರ್ಪು, ವಾಕ್ ಸ್ವಾತಂತ್ರ್ಯಕ್ಕೆ ಕಡಿವಾಣವೇ ಇಲ್ಲವೆಂದು ಭಾವಿಸಿ ಇನ್ನೊಬ್ಬರ ಭಾವನೆಗಳ ಮೇಲೆ ದಾಳಿ ಮಾಡುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತದೆ. ಭಾಷೆ, ಸಂಸ್ಕೃತಿ, ಧರ್ಮಗಳಲ್ಲಿ ಇಷ್ಟೊಂದು ಭಿನ್ನತೆ ಇರುವ ದೇಶದಲ್ಲಿ ಇನ್ನೊಬ್ಬರ ನಂಬಿಕೆಯ ಮೇಲೆ ದುರುದ್ದೇಶದ ಟೀಕೆ ಸಲ್ಲದು ಎಂದೂ ಹೇಳುತ್ತದೆ.

ಎರಡೂ ವಿವಾದಗಳ ನಡುವಿನ ಹೋಲಿಕೆಯನ್ನು ಗಮನಿಸಬೇಕು. ಎರಡೂ ಕಡೆ ಚರ್ಚೆಗೆ ಬಂದದ್ದು ದೇವರಲ್ಲ, ತತ್ತ್ವವಲ್ಲ, ಆಚರಣೆಯೂ ಅಲ್ಲ. ಪೂಜ್ಯನಾದ ಒಬ್ಬ ಐತಿಹಾಸಿಕ ಪುರುಷನ ಹುಟ್ಟು, ಅದರ ಮೂಲಕ ಒಬ್ಬ ತಾಯಿಯ ಮಾನ. ಅಲ್ಲಿ ಜೀಜಾಬಾಯಿ, ಇಲ್ಲಿ ನಾಗಮ್ಮ. ‘ಧರ್ಮದ ಟೀಕೆ’ ಎಂಬ ಮಾತು ಕೇಳಿದೊಡನೆ ನಮ್ಮ ಕಣ್ಣ ಮುಂದೆ ವೈಚಾರಿಕ ಖಂಡನೆ ಬಂದು ನಿಲ್ಲುತ್ತದೆ. ಆದರೆ ದೇವರಿಲ್ಲ ಎಂದು ಬರೆದವನಿಗಿಂತ, ವಂಶದ ಮಾತನ್ನು ಎತ್ತಿದವನೇ ಹೆಚ್ಚು ಸಂಕಟಕ್ಕೆ ಸಿಕ್ಕಿದ್ದಾನೆ ಎಂದು ನನಗನಿಸುತ್ತದೆ. ಸಂಶೋಧಕ ಕಲಬುರ್ಗಿಯವರಿಗೂ ಹೀಗೇ ಆಯಿತು. ‘ಮಾರ್ಗ’ದ ಮೊದಲ ಸಂಪುಟದಲ್ಲಿ ಅವರು ಬಸವಣ್ಣನವರ ಪತ್ನಿ ನೀಲಾಂಬಿಕೆ ಮತ್ತು ಸಹೋದರಿ ನಾಗಲಾಂಬಿಕೆಯರ ಕುರಿತು ಬರೆದದ್ದಕ್ಕೆ 1989ರಲ್ಲಿ ವಿರೋಧ ಎದ್ದು, ಆ ಬರಹಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ತನ್ನ ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಹೇಳಿಕೊಂಡರು. ಅಲ್ಲಿ ನ್ಯಾಯಾಲಯವೂ ಇರಲಿಲ್ಲ, ಅಧಿಸೂಚನೆಯೂ ಇರಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಿಗೆ ಬಂದದ್ದು ಗುಂಡು.

ಚನ್ನಬಸವಣ್ಣನ ಜನನದ ವಿಷಯ ಹಳೆಯ ವೀರಶೈವ ಸಾಹಿತ್ಯಕ್ಕೆ ಹೊಸದೇನಲ್ಲ. ಪ್ರಸಾದದಿಂದ ಹುಟ್ಟಿದನೆಂಬ ಕಥನ ಒಂದು ಕಡೆ, ನಾಗಮ್ಮನ ಪತಿಯನ್ನು ಹೆಸರಿಟ್ಟು ಹೇಳುವ ಪರಂಪರೆ ಇನ್ನೊಂದು ಕಡೆ. ಪುರಾಣಕಾರರು ಒಬ್ಬರನ್ನೊಬ್ಬರು ತಿದ್ದುತ್ತಲೇ ಬಂದಿದ್ದಾರೆ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಮುಟ್ಟುಗೋಲಿನ ಪ್ರಕರಣಗಳಲ್ಲಿ ನ್ಯಾಯಾಲಯಗಳು ಅನುಸರಿಸುತ್ತ ಬಂದಿರುವ ಸೂತ್ರಗಳಲ್ಲಿ ಒಂದು, ಬರಹದ ಆಧಾರ ಜನಪದ ಕಥೆಯೋ ಪರಂಪರೆಯೋ ಇತಿಹಾಸವೋ ಆಗಿದ್ದರೆ ಲೇಖಕನ ಪರವಾಗಿ ಸ್ವಲ್ಪ ಮಾತಾಡಬಹುದು ಎನ್ನುತ್ತದೆ. ಅದರ ಬೆನ್ನಿಗೇ ಇರುವ ಇನ್ನೊಂದು ಸೂತ್ರ, ದ್ವೇಷ ಹುಟ್ಟಿಸುವಂತೆ ಬರೆದಿದ್ದರೆ ಅದು ಸತ್ಯಸಂಗತಿ ಎಂಬುದು ರಕ್ಷಣೆಯಾಗದು ಎನ್ನುತ್ತದೆ. ಸಂಶೋಧಕನಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ.

ಹಾಗಾದರೆ ಫಲಿತಾಂಶ ಬೇರೆಯಾದದ್ದು ಯಾಕೆ? ಒಂದು ಸಂಶೋಧನೆ, ಇನ್ನೊಂದು ಕಾದಂಬರಿ ಎಂದು ಹೇಳಿ ಮುಗಿಸುವವರಿದ್ದಾರೆ. ಅದು ಉತ್ತರದ ಒಂದು ತುಣುಕು ಮಾತ್ರ. ನಿಜವಾದ ಅಂತರ ಬಾಗಿಲಿನಲ್ಲಿದೆ. ಲೇನ್ ಪುಸ್ತಕದ ಪ್ರಕಾಶಕ ಬಂದದ್ದು ಆರೋಪಿಯಾಗಿ. ಆರೋಪಿಗೆ ನಮ್ಮ ದಂಡ ನ್ಯಾಯದಲ್ಲಿ ಒಂದು ಗೌರವ ಉಂಟು, ಅವನ ಮನಸ್ಸಿನಲ್ಲಿ ಕೇಡಿತ್ತೆಂದು ಸರ್ಕಾರ ತೋರಿಸಬೇಕು. ‘ಧರ್ಮಕಾರಣ’ ಬಂದದ್ದು ಮುಟ್ಟುಗೋಲಾದ ಮಾಲಾಗಿ. 95ನೇ ಕಲಮಿನ ಪ್ರಕಾರ ಪುಸ್ತಕದಲ್ಲಿ ಇಂತಿಂಥ ಅಪರಾಧದ ಅಂಶವಿದೆ ಎಂದು ಸರ್ಕಾರಕ್ಕೆ ‘ಕಂಡುಬಂದರೆ’ ಸಾಕು, ಅದು ‘ಸಿದ್ಧ’ವಾಗಬೇಕಿಲ್ಲ. ಸರ್ಕಾರದ ಈ ಮೇಲ್ನೋಟದ ಅಭಿಪ್ರಾಯ ತಪ್ಪು ಎಂದು ತೋರಿಸುವ ಹೊಣೆ ಅರ್ಜಿದಾರನದು. ಅಪರಾಧ ಮಾಡಿದೆ ಎಂದು ಒಬ್ಬನನ್ನು ಜೈಲಿಗೆ ಕಳಿಸಲು ಸಾಲದ ಸಾಮಗ್ರಿ, ಅವನ ಪುಸ್ತಕವನ್ನು ಜೈಲಿಗೆ ಕಳಿಸಲು ಸಾಕಾಗುತ್ತದೆ!

ಈ ಕಲಮಿನ ಹುಟ್ಟನ್ನು ನೋಡಿದರೆ ಇದು ಹೀಗೇಕಿದೆ ಎಂದು ತಿಳಿಯುತ್ತದೆ. 1910ರ ಪ್ರೆಸ್ ಕಾಯ್ದೆ ಬ್ರಿಟಿಷ್ ಸರ್ಕಾರಕ್ಕೆ ಮುದ್ರಣಾಲಯಗಳ ಮೇಲೆ ಅಪಾರ ಅಧಿಕಾರ ಕೊಟ್ಟಿತ್ತು. 1922ರಲ್ಲಿ ಆ ಕಾಯ್ದೆ ರದ್ದಾಯಿತು, ಆದರೆ ಮುಟ್ಟುಗೋಲಿನ ಅಧಿಕಾರ ರದ್ದಾಗಲಿಲ್ಲ. ಅದನ್ನು ಮೆಲ್ಲಗೆ ಎತ್ತಿ ದಂಡ ಪ್ರಕ್ರಿಯಾ ಸಂಹಿತೆಯ ಒಳಗೆ 99ಎ ಎಂದು ಕೂರಿಸಿದರು. ಪ್ರೆಸ್ ಕಾಯ್ದೆ ಎಂದರೆ ಜನ ಸಿಟ್ಟಾಗುತ್ತಿದ್ದರು, ಪ್ರಕ್ರಿಯಾ ಸಂಹಿತೆ ಎಂದರೆ ವಕೀಲರ ಹೊರತು ಯಾರು ಓದುತ್ತಾರೆ? 1973ರ ಸಂಹಿತೆಯಲ್ಲಿ ಅದು 95 ಆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 98. ಅಂಕಿ ಬದಲಾಗುತ್ತ ಬಂದಿದೆ.

ಈ ಮುಟ್ಟುಗೋಲಿನ ಪಟ್ಟಿಯಲ್ಲಿದ್ದ ಧರ್ಮಸಂಬಂಧಿ ಅಪರಾಧ ದಂಡ ಸಂಹಿತೆಯ 295ಎ. ಅದೂ ಒಂದು ಪುಸ್ತಕದಿಂದಲೇ ಹುಟ್ಟಿದ್ದು. 1924ರಲ್ಲಿ ಲಾಹೋರಿನಲ್ಲಿ ‘ರಂಗೀಲಾ ರಸೂಲ್’ ಎಂಬ ಕಿರುಹೊತ್ತಗೆ ಪ್ರಕಟವಾಯಿತು. ಪ್ರವಾದಿಯವರ ಖಾಸಗಿ ಬದುಕನ್ನು ಹೀಯಾಳಿಸುವ ಬರಹ. ಪ್ರಕಾಶಕ ರಾಜ್‌ಪಾಲ್‌ಗೆ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. 1927ರಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಬಿಡುಗಡೆ ಮಾಡಿದರು. ಬರಹ ಕೆಟ್ಟದ್ದೇ, ಆದರೆ ತೀರಿಹೋದ ಧರ್ಮಪುರುಷನ ನಿಂದೆಯನ್ನು ತಡೆಯಲೆಂದು 153ಎ ಬರೆದದ್ದಲ್ಲ ಎಂಬುದು ಅವರ ವಾದ. ಸ್ವಲ್ಪ ದಿನಗಳಲ್ಲೇ ಅದೇ ಹೈಕೋರ್ಟಿನ ದ್ವಿಸದಸ್ಯ ಪೀಠ ಇನ್ನೊಂದು ಪ್ರಕರಣದಲ್ಲಿ ತದ್ವಿರುದ್ಧವಾಗಿ ತೀರ್ಪು ಕೊಟ್ಟಿತು. ಅಂದರೆ ಹೊಸ ಕಾನೂನಿನ ಅಗತ್ಯವೇ ಆಗ ಉಳಿದಿರಲಿಲ್ಲ ಎಂದು ವಾದಿಸಬಹುದು. ಆದರೂ ಆ ವರ್ಷವೇ 295ಎ ಬಂತು. ಕೇಂದ್ರ ಶಾಸನಸಭೆಯ ಚರ್ಚೆಯಲ್ಲಿ ಜಿನ್ನಾ ಮಸೂದೆಯನ್ನು ಬೆಂಬಲಿಸುತ್ತಲೇ ಒಂದು ಎಚ್ಚರಿಕೆ ಕೊಟ್ಟರು: ಇತಿಹಾಸ ಬರೆಯುವವರಿಗೆ, ಪ್ರಾಮಾಣಿಕವಾಗಿ ಧರ್ಮವನ್ನು ವಿಮರ್ಶಿಸುವವರಿಗೆ ರಕ್ಷಣೆ ಇರಬೇಕು. ‘ಉದ್ದೇಶಪೂರ್ವಕ’ ಮತ್ತು ‘ದುರುದ್ದೇಶದ’ ಎಂಬ ಎರಡು ಬೀಗಗಳನ್ನು ಒಟ್ಟಿಗೆ ಹಾಕಿದ್ದು ಇಂಥ ಎಚ್ಚರದ ಫಲ. ರಾಜ್‌ಪಾಲ್ ಮಾತ್ರ ಉಳಿಯಲಿಲ್ಲ. 1929ರ ಏಪ್ರಿಲಿನಲ್ಲಿ ಅವರ ಕೊಲೆಯಾಯಿತು.

1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ 295ಎ ಸಂವಿಧಾನಬದ್ಧ ಎಂದದ್ದು ಈ ಎರಡು ಬೀಗಗಳನ್ನು ನೆಚ್ಚಿಯೇ. ಅಜಾಗರೂಕತೆಯಿಂದಲೋ ತಿಳಿಯದೆಯೋ ಆದ ಅವಮಾನ ಇದರೊಳಗೆ ಬರುವುದಿಲ್ಲ, ತೀವ್ರ ಸ್ವರೂಪದ್ದು ಮಾತ್ರ ಬರುತ್ತದೆ, ಅಂಥದ್ದು ಸಾರ್ವಜನಿಕ ಸುವ್ಯವಸ್ಥೆಯನ್ನು ಕದಡುವತ್ತಲೇ ವಾಲುತ್ತದೆ ಎಂದು ನ್ಯಾಯಾಲಯ ಹೇಳಿತು. ಈ ಕೊನೆಯ ಮಾತನ್ನು ಬಿಡಿಸಿ ನೋಡಬೇಕು. ಸಂವಿಧಾನದ 19(2)ನೇ ವಿಧಿ ವಾಕ್ ಸ್ವಾತಂತ್ರ್ಯಕ್ಕೆ ಹಾಕಬಹುದಾದ ನಿರ್ಬಂಧಗಳ ಕಾರಣಗಳನ್ನು ಎಣಿಸಿ ಹೇಳಿದೆ. ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ ಎಲ್ಲ ಇವೆ. ಧರ್ಮ ಇಲ್ಲ, ಧಾರ್ಮಿಕ ಭಾವನೆಯೂ ಇಲ್ಲ. ‘ಸಾರ್ವಜನಿಕ ಸುವ್ಯವಸ್ಥೆ’ ಕೂಡ 1950ರ ಮೂಲ ಪಠ್ಯದಲ್ಲಿರಲಿಲ್ಲ. ರೊಮೇಶ್ ಥಾಪರ್ ಅವರ ‘ಕ್ರಾಸ್ ರೋಡ್ಸ್’ ಪತ್ರಿಕೆಯ ಪ್ರಕರಣದಲ್ಲಿ ಮದ್ರಾಸ್ ಸರ್ಕಾರ ಸೋತ ಮೇಲೆ, 1951ರ ಮೊದಲ ತಿದ್ದುಪಡಿಯಲ್ಲಿ ಅದನ್ನು ಸೇರಿಸಿದ್ದು. 295ಎ ಈ ಸೇರ್ಪಡೆಯ ನೆರಳಲ್ಲೇ ಬದುಕಿದೆ. 19(2)ರ ಪಟ್ಟಿ ಸಂಪೂರ್ಣ, ಅದಕ್ಕೆ ಹೊಸ ಕಾರಣ ಸೇರಿಸುವಂತಿಲ್ಲ ಎಂದು 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದ ಸಂವಿಧಾನ ಪೀಠ ಹೇಳಿದೆ. ಹಾಗಿದ್ದರೆ ‘ಭಾವನೆ’ಯ ಹೆಸರಿನಲ್ಲಿ ತಡೆದ ಪ್ರತಿಯೊಂದು ಪುಸ್ತಕದ ಹಿಂದೆಯೂ ಸುವ್ಯವಸ್ಥೆಯ ಪ್ರಶ್ನೆಯನ್ನು ಬೇರೆಯಾಗಿ ಕೇಳಿ ಉತ್ತರ ಪಡೆಯಬೇಕಲ್ಲವೆ? ‘ಧರ್ಮಕಾರಣ’ ತೀರ್ಪನ್ನು ಓದಿದಾಗ ಭಾವನೆಯ ಮಾತು ದಟ್ಟವಾಗಿದೆ. ಸುವ್ಯವಸ್ಥೆಯ ಮಾತು ಭಾವನೆಯ ಬೆನ್ನು ಹತ್ತಿಯೇ ಬರುತ್ತದೆ.

ಸರ್ಕಾರದ ಟೀಕೆಯ ಕಡೆ ತಿರುಗಿದರೆ ಚಿತ್ರ ಬೇರೆ. ದಂಡ ಸಂಹಿತೆಯ ರಾಜದ್ರೋಹದ ಕಲಮು, 124ಎ, 1870ರಲ್ಲಿ ಬಂತು. ಅದರ ಅಕ್ಷರಾರ್ಥ ವಿಶಾಲವಾಗಿತ್ತು, ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸಿದರೂ ಅಪರಾಧ. ತಿಲಕರೂ ಗಾಂಧಿಯವರೂ ಇದರಲ್ಲೇ ಶಿಕ್ಷೆ ಅನುಭವಿಸಿದರು. 1962ರ ಕೇದಾರ್‌ನಾಥ್ ಸಿಂಗ್ ತೀರ್ಪು ಇದನ್ನು ಇಕ್ಕಟ್ಟುಗೊಳಿಸಿತು: ಹಿಂಸೆಗೆ ಪ್ರಚೋದನೆಯೋ ಅಶಾಂತಿ ಹುಟ್ಟಿಸುವ ಪ್ರವೃತ್ತಿಯೋ ಇದ್ದರೆ ಮಾತ್ರ ಅಪರಾಧ, ಎಷ್ಟೇ ಕಟುವಾದ ಟೀಕೆಯಾದರೂ ಅದಷ್ಟಕ್ಕೇ ಅಲ್ಲ. (ವಿಚಿತ್ರವೆಂದರೆ ಬಿಹಾರದ ಬರೌನಿಯಲ್ಲಿ 1953ರಲ್ಲಿ ಭಾಷಣ ಮಾಡುತ್ತ ಸಿಐಡಿಗಳನ್ನು ನಾಯಿಗಳೆಂದು ಕರೆದ ಕೇದಾರ್‌ನಾಥರ ಸ್ವಂತ ಮೇಲ್ಮನವಿ ವಜಾ ಆಯಿತು. ಅವರ ಹೆಸರಿನ ಸೂತ್ರ ಬೇರೆಯವರನ್ನು ಕಾಪಾಡಿತು.) ಅದಕ್ಕೆ ಎರಡು ವರ್ಷ ಮೊದಲು, ಲೋಹಿಯಾ ಪ್ರಕರಣದಲ್ಲಿ, ಮಾತಿಗೂ ಅಶಾಂತಿಗೂ ನಡುವೆ ಸಮೀಪದ ಸಂಬಂಧ ಇರಬೇಕು, ದೂರದ ಊಹೆ ಸಾಲದು ಎಂದು ನ್ಯಾಯಮೂರ್ತಿ ಸುಬ್ಬರಾವ್ ಹೇಳಿದ್ದರು. 2015ರ ಶ್ರೇಯಾ ಸಿಂಘಾಲ್ ತೀರ್ಪು ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಮೆಟ್ಟಿಲು ಮಾಡಿ, ಮೂರನೆಯದನ್ನು ಮುಟ್ಟಿದಾಗ ಮಾತ್ರ ಕಾನೂನು ಕೈ ಹಾಕಬಹುದು ಎಂದಿತು.

ಬೀದರಿನ ಶಾಲೆಯೊಂದರ ನಾಟಕದ ಪ್ರಕರಣ ಇದಕ್ಕೆ ನಮ್ಮ ಹತ್ತಿರದ ಉದಾಹರಣೆ. 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಕುರಿತು ನಾಟಕವಾಡಿದರು. ಅದರಲ್ಲಿ ಪ್ರಧಾನಿಯ ಬಗ್ಗೆ ಬಂದ ಒಂದು ಮಾತಿಗಾಗಿ ಮುಖ್ಯಶಿಕ್ಷಕಿಯೂ ಒಂದು ಮಗುವಿನ ತಾಯಿಯೂ ಬಂಧನಕ್ಕೊಳಗಾದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಶಾಲೆಯ ಆಡಳಿತದವರ ಮೇಲಿನ ಮೊಕದ್ದಮೆಯನ್ನು ರದ್ದು ಮಾಡುತ್ತ, ಆ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು, ಆದರೆ ರಾಜದ್ರೋಹ ಅಲ್ಲ ಎಂದಿತು. ಹಿಂಸೆಗೆ ಕರೆ ಎಲ್ಲಿದೆ ಎಂದು ನ್ಯಾಯಾಲಯ ಹುಡುಕಿತು, ಸಿಗಲಿಲ್ಲ. ಪ್ರಧಾನಿಯ ಅವಹೇಳನದ ಮಾತಿಗೆ ಹಾಕಿದ ಈ ಪರೀಕ್ಷೆಯನ್ನು ‘ಧರ್ಮಕಾರಣ’ದ ಹನ್ನೆರಡನೇ ಅಧ್ಯಾಯಕ್ಕೆ ಹಾಕಿದ್ದರೆ ಏನಾಗುತ್ತಿತ್ತು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ, ಪುಸ್ತಕ ಉಳಿಯುತ್ತಿತ್ತು.

ಇಲ್ಲಿ ಕನ್ನಡದ ಮಾತುಗಳ ಬಗ್ಗೆ ಎರಡು ಟಿಪ್ಪಣಿ ಸೇರಿಸಬೇಕು. ನಮ್ಮ ಪತ್ರಿಕೆಗಳು 124ಎ ಕಲಮನ್ನು ಬಹುಮಟ್ಟಿಗೆ ‘ದೇಶದ್ರೋಹ’ ಎಂದೇ ಬರೆದವು. ಕಲಮಿನ ಪಠ್ಯದಲ್ಲಿ ದೇಶ ಎಂಬ ಮಾತಿಗೆ ಕೆಲಸವಿರಲಿಲ್ಲ. ಅಲ್ಲಿದ್ದದ್ದು ಕಾನೂನುಬದ್ಧವಾಗಿ ಸ್ಥಾಪಿತವಾದ ಸರ್ಕಾರ. ಹಳೆಯ ‘ರಾಜದ್ರೋಹ’ವೇ ನಿಖರವಾದ ಅನುವಾದ. ಸರ್ಕಾರವನ್ನು ಬೈದವನು ನಮ್ಮ ತಲೆಬರಹದಲ್ಲಿ ದೇಶವನ್ನೇ ಬೈದವನಾದ. ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ ಹೂಡಿದ ಅರ್ಜಿಯಲ್ಲಿ 2022ರ ಮೇ 11ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ತಡೆಹಿಡಿಯಿತು. ಈಗ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮು ದೇಶದ ಏಕತೆ, ಸಾರ್ವಭೌಮತೆ ಎಂದು ಮಾತಾಡುತ್ತದೆ. ಹಳೆಯ ಕಲಮಿನಲ್ಲಿ ಜೀವಾವಧಿಗೆ ಪರ್ಯಾಯವಾಗಿ ಮೂರು ವರ್ಷದವರೆಗೆ ಶಿಕ್ಷೆ ಇತ್ತು, ಇದರಲ್ಲಿ ಏಳು ವರ್ಷದವರೆಗೆ. ಪತ್ರಿಕೆಗಳ ತಪ್ಪು ಅನುವಾದ ಕೊನೆಗೆ ಕಾನೂನಾಯಿತು ಎಂದು ತಮಾಷೆಯಾಗಿ ಹೇಳಬಹುದು.

ಎರಡನೆಯದು ಹೆಚ್ಚು ಗಂಭೀರ. ‘ಧಾರ್ಮಿಕ ಭಾವನೆಗೆ ಧಕ್ಕೆ’ ಎಂಬ ನುಡಿಗಟ್ಟು ನಮ್ಮ ದೂರುಗಳಲ್ಲಿ, ಸುದ್ದಿಗಳಲ್ಲಿ, ವಿಧಾನಸಭೆಯಲ್ಲಿ ಎಲ್ಲೆಲ್ಲೂ ಓಡಾಡುತ್ತದೆ. 295ಎ, ಈಗಿನ 299, ಹೇಳುವುದು ಧಕ್ಕೆಯ ಮಾತಲ್ಲ. ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸುವ ದುರುದ್ದೇಶದಿಂದ ಅದರ ಧರ್ಮವನ್ನು ಅವಮಾನಿಸುವುದು ಅಲ್ಲಿನ ಅಪರಾಧ. ನೋವು, ಗಾಯ, ಧಕ್ಕೆಗೆ ಸಮೀಪದ ಮಾತಿರುವುದು ಹಳೆಯ 298ರಲ್ಲಿ, ಈಗಿನ 302ರಲ್ಲಿ. ಅದು ಒಬ್ಬ ವ್ಯಕ್ತಿಯ ಕಿವಿಗೆ ಬೀಳುವಂತೆ, ಕಣ್ಣಿಗೆ ಬೀಳುವಂತೆ, ಅವನನ್ನು ನೋಯಿಸಲೆಂದೇ ಆಡಿದ ಮಾತಿಗೆ, ಮಾಡಿದ ಸನ್ನೆಗೆ ಸಂಬಂಧಿಸಿದ್ದು. ಶಿಕ್ಷೆ ಒಂದು ವರ್ಷದವರೆಗೆ. 299ರಲ್ಲಿ ಮೂರು ವರ್ಷದವರೆಗೆ. ‘ಧಕ್ಕೆ’ ಎಂಬ ಮಾತು ಚಿಕ್ಕ ಅಪರಾಧದ ಹೊಸ್ತಿಲನ್ನು ತಂದು ದೊಡ್ಡ ಅಪರಾಧದ ಬಾಗಿಲಿಗೆ ಹಾಕಿಬಿಟ್ಟಿದೆ. ಧಕ್ಕೆಯಾಯಿತೇ ಎಂದು ಕೇಳಿದರೆ ಉತ್ತರ ಕೊಡುವವನು ಓದುಗ. ಕೆರಳಿಸುವ ದುರುದ್ದೇಶ ಇತ್ತೇ ಎಂದು ಕೇಳಿದರೆ ನೋಡಬೇಕಾದ್ದು ಬರೆದವನ ಕಡೆ. ದೂರು ಬರೆಯುವ ಠಾಣೆಯ ಮೇಜಿನ ಮೇಲೆ ಮೊದಲನೆಯ ಪ್ರಶ್ನೆ ಮಾತ್ರ ಕೇಳಿಬರುತ್ತದೆ.

ಇದನ್ನು ಸರಿಪಡಿಸುವ ಅಳತೆಗೋಲು ಕಾನೂನಿನಲ್ಲೇ ಇದೆ. ಮಾತಿನ ಪರಿಣಾಮವನ್ನು ಅಳೆಯಬೇಕಾದ್ದು ವಿವೇಕವೂ ಧೈರ್ಯವೂ ಉಳ್ಳ ಗಟ್ಟಿಮನಸ್ಸಿನವರ ದೃಷ್ಟಿಯಿಂದ, ಪ್ರತಿ ಮಾತಿನಲ್ಲೂ ಅಪಾಯ ಕಾಣುವ ಅಳ್ಳೆದೆಯವರ ದೃಷ್ಟಿಯಿಂದಲ್ಲ. 1946ರಲ್ಲಿ ನಾಗಪುರ ಹೈಕೋರ್ಟಿನ ವಿವಿಯನ್ ಬೋಸ್ ಕೊಟ್ಟ ಈ ಸೂತ್ರವನ್ನು 1988ರಲ್ಲಿ ‘ತಮಸ್’ ಧಾರಾವಾಹಿಯ ಪ್ರಕರಣದಲ್ಲೂ, 2025ರ ಮಾರ್ಚಿನಲ್ಲಿ ಇಮ್ರಾನ್ ಪ್ರತಾಪ್‌ಗಢಿ ಅವರ ಕವಿತೆಯ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅನುಸರಿಸಿತು. ಈ ಕೊನೆಯ ತೀರ್ಪು ಇನ್ನೊಂದು ಉಪಯುಕ್ತ ಮಾತು ಹೇಳಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಆರೋಪಗಳಲ್ಲಿ ಪೊಲೀಸರು ಎಫ್‌ಐಆರ್ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆಯ ಅವಕಾಶವನ್ನು ಬಳಸಿಕೊಳ್ಳುವುದು ಸೂಕ್ತ ಎಂದು. ಆದರೆ ಅದು ಎಫ್‌ಐಆರ್‌ಗೆ ಸಂಬಂಧಿಸಿದ್ದು. ಮುಟ್ಟುಗೋಲಿನ ಅಧಿಸೂಚನೆ ಠಾಣೆಯಿಂದ ಬರುವುದಿಲ್ಲ, ಸರ್ಕಾರದಿಂದ ಬರುತ್ತದೆ. ಅದರ ಮುನ್ನ ಲೇಖಕನಿಗೆ ನೋಟಿಸು ಕೊಡಬೇಕೆಂದು 98ನೇ ಕಲಮು ಹೇಳುವುದಿಲ್ಲ.

ಮುಟ್ಟುಗೋಲಿನ ವಿರುದ್ಧ ಗೆದ್ದ ಪುಸ್ತಕಗಳೂ ಇವೆ. ಪೆರಿಯಾರ್ ಅವರ ರಾಮಾಯಣ ವಿಮರ್ಶೆಯ ಹಿಂದಿ ಅನುವಾದವನ್ನು ಉತ್ತರ ಪ್ರದೇಶ ಸರ್ಕಾರ 1969ರಲ್ಲಿ ಮುಟ್ಟುಗೋಲು ಹಾಕಿತ್ತು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆಯೇ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಎತ್ತಿಹಿಡಿಯಲು ಒಪ್ಪಲಿಲ್ಲ. ಅಧಿಸೂಚನೆಯಲ್ಲಿ ಕಾರಣಗಳನ್ನೇ ಕೊಟ್ಟಿಲ್ಲ ಎಂಬುದು ಆಧಾರ. ಪುಸ್ತಕ ಧರ್ಮನಿಂದೆಯೇ ಅಲ್ಲವೇ ಎಂಬ ಚರ್ಚೆಗೆ ಅವರು ಇಳಿಯಲಿಲ್ಲ. ಲೇನ್ ಪುಸ್ತಕವೂ ಹೀಗೇ ಗೆದ್ದಿತು. ಮಹಾರಾಷ್ಟ್ರ ಸರ್ಕಾರ ಅದನ್ನೂ ಮುಟ್ಟುಗೋಲು ಹಾಕಿತ್ತು. ಬಾಂಬೆ ಹೈಕೋರ್ಟ್ 2007ರಲ್ಲಿ ಅಧಿಸೂಚನೆಯನ್ನು ರದ್ದು ಮಾಡಿತು, 2010ರ ಜುಲೈ 9ರಂದು ಸುಪ್ರೀಂ ಕೋರ್ಟ್ ಒಪ್ಪಿತು. ಕಲಮಿನ ಮಾತುಗಳನ್ನೇ ನಕಲು ಮಾಡಿದರೆ ಅದು ಕಾರಣವಾಗುವುದಿಲ್ಲ ಎಂದಿತು. ಎರಡೂ ಗೆಲುವುಗಳು ಗುಮಾಸ್ತನ ತಪ್ಪಿನ ಮೇಲೆ ನಿಂತ ಗೆಲುವುಗಳು. ಕರ್ನಾಟಕದ ಅಧಿಸೂಚನೆಗೆ ಅಧ್ಯಾಯವನ್ನು ಬೊಟ್ಟುಮಾಡಿ ತೋರಿಸುವುದು ಸಾಧ್ಯವಾಗಿತ್ತು.

2010ರ ಆ ಪ್ರಕರಣದ ಅರ್ಜಿದಾರರು ಯಾರೆಂದು ನೋಡಿದರೆ ಲೇಖಕರೂ ಅಲ್ಲ, ಪ್ರಕಾಶಕರೂ ಅಲ್ಲ. ಸಂಘರಾಜ್ ರೂಪವತೆ ಎಂಬ ವಕೀಲರು, ಸಾಕ್ಷ್ಯಚಿತ್ರಕಾರ ಆನಂದ್ ಪಟವರ್ಧನ್, ಜೊತೆಗೊಬ್ಬ ಸಾಮಾಜಿಕ ಕಾರ್ಯಕರ್ತೆ. ‘ಧರ್ಮಕಾರಣ’ದ ಪರವಾಗಿ ಹೋದ ಬರಗೂರರೂ ಆ ಪುಸ್ತಕದ ಲೇಖಕರಲ್ಲ. ಪುಸ್ತಕದಲ್ಲಿ ‘ಯಾವುದೇ ಹಿತಾಸಕ್ತಿ’ ಉಳ್ಳ ವ್ಯಕ್ತಿ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ಕೇಳಬೇಕು ಎಂದು ಕಾನೂನು ಹೇಳುತ್ತದೆ. ಆ ಎರಡು ತಿಂಗಳ ಗಡಿಯಾರ ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನವೇ ಓಡತೊಡಗುತ್ತದೆ.